ಮೈನಸ್ ಎರಡರ ವರ್ಗ ಎಷ್ಟು? ಎಕ್ಸೆಲ್ ಒಂದು ಹೇಳುತ್ತೆ, ಪೈಥಾನ್ ಇನ್ನೊಂದು

ಕಳೆದ ಸಂಚಿಕೆಯಲ್ಲಿ ಪೈಥಾನ್ ಅನ್ನು ಸುಮ್ನೆ ಕ್ಯಾಲ್ಕುಲೇಟರ್ ಥರ ಬಳಸೋದು ಹೇಗೆ ಅಂತ ಬರೆದಿದ್ದೆವು. ಪ್ರೋಗ್ರಾಂ ಬರೆಯೋದು ಬೇಡ, ಲೆಕ್ಕ ಟೈಪ್ ಮಾಡಿ ಎಂಟರ್ ಒತ್ತಿದರೆ ಉತ್ತರ ಬರುತ್ತೆ ಅಂತ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ "ಉತ್ತರ ತಪ್ಪು ಬರ್ತಿದೆ" ಎಂಬ ದೂರುಗಳೇ. ಬಹಳಷ್ಟು ಕಡೆ ಉತ್ತರ ತಪ್ಪಲ್ಲ, ನೀವು ಬರೆದದ್ದನ್ನು ಯಂತ್ರ ಓದಿದ ರೀತಿ ಬೇರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ, ನೀವು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಕ್ಸೆಲ್‌ನಲ್ಲಿ =-2^2 ಅಂತ ಕೊಟ್ಟರೆ 4 ಬರುತ್ತದೆ. ಪೈಥಾನ್‌ನಲ್ಲಿ -2**2 ಕೊಟ್ಟರೆ -4. ತರಗತಿಯಲ್ಲಿ ಮಕ್ಕಳು ಯಾವುದು ಸರಿ ಮೇಡಂ ಅಂತ ಕೇಳಿದರು. ಏನು ಹೇಳಲಿ?
— ಪಿಯು ಗಣಿತ ಉಪನ್ಯಾಸಕಿ, ದಾವಣಗೆರೆ

ಗಣಿತದ ರೂಢಿಯ ಪ್ರಕಾರ -4 ಸರಿ, ಮೇಡಂ. ಮೊದಲು ಎರಡರ ವರ್ಗ, ಆಮೇಲೆ ಅದರ ಮುಂದೆ ಮೈನಸ್. ಪಠ್ಯಪುಸ್ತಕದಲ್ಲಿ ಇರೋದೂ ಹಾಗೇ. ಆದರೆ ಎಕ್ಸೆಲ್ ಮಾಡಿದ್ದು ಕೈತಪ್ಪಲ್ಲ, ಬೇಕೆಂದೇ ಹಾಗೆ ಇಟ್ಟಿದ್ದಾರೆ. ಅದರ ನಿಯಮಪಟ್ಟಿಯಲ್ಲಿ ಸಂಖ್ಯೆಗೆ ಅಂಟಿಕೊಂಡ ಮೈನಸ್ ಚಿಹ್ನೆಗೆ ಘಾತಕ್ಕಿಂತ ಮೇಲಿನ ಸ್ಥಾನ. ಅಂದರೆ ಅದು -2 ಅನ್ನು ಒಂದೇ ಸಂಖ್ಯೆ ಅಂತ ಹಿಡಿದು ಅದರ ವರ್ಗ ಮಾಡುತ್ತದೆ. ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಎರಡೂ ಅದರ ಹಿಂದೆಯೇ ಹೋಗಿವೆ. ಲಿನಕ್ಸ್ ಬಳಸುವವರಿಗೆ ಗೊತ್ತಿರುವ ಬಿಸಿ ಎಂಬ ಹಳೇ ಕ್ಯಾಲ್ಕುಲೇಟರ್ ಕೂಡ 4 ಅಂತಲೇ ಹೇಳುತ್ತದೆ. ತಮಾಷೆ ಏನಂದ್ರೆ, ಅದೇ ಎಕ್ಸೆಲ್ ಒಳಗಿರುವ ಮ್ಯಾಕ್ರೋ ಭಾಷೆ ವಿಬಿಎಯಲ್ಲಿ ಇದೇ ಲೆಕ್ಕ ಕೊಡಿ, -4 ಬರುತ್ತದೆ. ಒಂದೇ ಮನೆಯಲ್ಲಿ ಎರಡು ಕಾನೂನು.

ಇದು ಬರೀ ಒಗಟಿನ ವಿಷಯ ಅಂತ ಬಿಟ್ಟುಬಿಡಬೇಡಿ. ನಿಮ್ಮ ಸಂಖ್ಯಾಶಾಸ್ತ್ರದ ಸಹೋದ್ಯೋಗಿಗಳನ್ನು ಕೇಳಿ. ಗಂಟೆಯಾಕಾರದ ನಾರ್ಮಲ್ ವಕ್ರರೇಖೆ ಬಿಡಿಸಲು ಎಕ್ಸೆಲ್‌ನಲ್ಲಿ =ಎಕ್ಸ್‌ಪಿ(-ಎ1^2/2) ಅಂತ ಬರೆಯುತ್ತಾರೆ. ಎ1ರಲ್ಲಿ 1 ಇದ್ದರೆ ಬರಬೇಕಾದದ್ದು 0.6065. ಬರುವುದು 1.6487. ಮೈನಸ್ ಅನ್ನು ಎ1 ನುಂಗಿಕೊಂಡು, ವರ್ಗವಾಗಿ, ಪ್ಲಸ್ ಆಗಿ ಕೂತಿರುತ್ತದೆ. ಚಾರ್ಟ್ ಹಾಕಿದರೆ ಗುಡ್ಡ ಬರಬೇಕಾದ ಕಡೆ ಹಳ್ಳ ಬರುತ್ತದೆ. ಅದೇ =5-ಎ1^2 ಅಂತ ಬರೆದರೆ ಏನೂ ತೊಂದರೆಯಿಲ್ಲ, ಯಾಕಂದ್ರೆ ಅಲ್ಲಿ ಮೈನಸ್‌ನ ಎಡಕ್ಕೆ ಇನ್ನೊಂದು ಸಂಖ್ಯೆ ಇದೆ, ಅದು ಕಳೆಯುವ ಮೈನಸ್. ನೋಡೋಕೆ ಒಂದೇ ಗೀಟು, ಕೆಲಸ ಎರಡು. =-(ಎ1^2)/2 ಅಂತ ಆವರಣ ಹಾಕಿದರೆ ಎಲ್ಲ ಕಡೆಯೂ ಒಂದೇ ಉತ್ತರ.

ಇನ್ನೊಂದನ್ನೂ ಮಕ್ಕಳಿಗೆ ಕೊಟ್ಟು ನೋಡಿ: 2^3^2. ಎಕ್ಸೆಲ್ ಎಡದಿಂದ ಹೋಗುತ್ತದೆ, 8ರ ವರ್ಗ, 64. ಪೈಥಾನ್ (ಅಲ್ಲಿ ಘಾತಕ್ಕೆ ಎರಡು ನಕ್ಷತ್ರ) ಬಲದಿಂದ ಬರುತ್ತದೆ, 2ರ ಘಾತ 9, ಅಂದರೆ 512. ಗಣಿತದವರ ರೂಢಿ 512. ಬೋಡ್‌ಮಾಸ್ ಅಂತ ನಾವೆಲ್ಲ ಕಲಿತದ್ದರಲ್ಲಿ ಇದಕ್ಕೆ ಉತ್ತರವೇ ಇಲ್ಲ, ಅಲ್ವಾ?

ಯಂತ್ರ ಈ ಕ್ರಮವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಅಂತಲೂ ನೀವು ಕೇಳಿದ್ದಿರಿ. ಅದಕ್ಕೆ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿ 1961ರಲ್ಲಿ ಬರೆದ ಉಪಾಯ ಇವತ್ತಿಗೂ ನಡೆಯುತ್ತಿದೆ. ರೈಲ್ವೆ ಯಾರ್ಡ್‌ನಲ್ಲಿ ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿ ಬೇಕಾದಾಗ ಎಳೆದುಕೊಳ್ಳುತ್ತಾರಲ್ಲ, ಶಂಟಿಂಗ್ ಯಾರ್ಡ್ ಎಂಬ ಅದರ ಹೆಸರನ್ನೇ ಇದಕ್ಕೂ ಇಟ್ಟರು. 2+3*4 ತಗೊಳ್ಳಿ. 2 ನೇರ ಮುಂದೆ ಹೋಗುತ್ತದೆ. ಪ್ಲಸ್ ಬಂದಾಗ ಅದನ್ನು ಪಕ್ಕದ ಹಳಿಗೆ ತಳ್ಳುತ್ತಾರೆ. 3 ಮುಂದೆ. ಗುಣಾಕಾರ ಬಂತು, ಅದು ಪ್ಲಸ್‌ಗಿಂತ ಬಲಶಾಲಿ, ಹಾಗಾಗಿ ಪ್ಲಸ್ ಅನ್ನು ಹೊರಡಿಸದೆ ತಾನೂ ಅದೇ ಹಳಿಯಲ್ಲಿ ಅದರ ಮುಂದೆ ನಿಲ್ಲುತ್ತದೆ. 4 ಮುಂದೆ. ಸಾಲು ಮುಗಿಯಿತು, ಕೊನೆಗೆ ಬಂದದ್ದು ಮೊದಲು ಹೊರಡುತ್ತದೆ: ಗುಣಾಕಾರ, ಆಮೇಲೆ ಪ್ಲಸ್. ಸಿಕ್ಕಿದ್ದು 2 3 4 * +. ಇದನ್ನು ಎಡದಿಂದ ಓದುತ್ತಾ ಲೆಕ್ಕ ಮಾಡೋದು ಯಂತ್ರಕ್ಕೆ ನೀರು ಕುಡಿದಷ್ಟು ಸುಲಭ. ಯಾವ ಚಿಹ್ನೆ ಎಷ್ಟು ಬಲಶಾಲಿ ಎಂಬ ಪಟ್ಟಿಯನ್ನು ಮಾತ್ರ ಬರೆದವರು ತುಂಬಬೇಕು. ಎಕ್ಸೆಲ್‌ನವರು ಒಂದು ಥರ ತುಂಬಿದರು, ಪೈಥಾನ್‌ನವರು ಇನ್ನೊಂದು ಥರ, ಅಷ್ಟೇ.

ವಾಟ್ಸಾಪ್‌ನಲ್ಲಿ ಬಂದ 6÷2(1+2) ಲೆಕ್ಕಕ್ಕೆ ನಮ್ಮ ಹಾಸ್ಟೆಲ್‌ನಲ್ಲಿ ಜಗಳವೇ ಆಯಿತು. 1 ಅಂತ ಕೆಲವರು, 9 ಅಂತ ಕೆಲವರು. ÷ ಬದಲು / ಹಾಕಿ ಪೈಥಾನ್ ಕೇಳಿದರೆ ಎರಡೂ ಅಲ್ಲ, ಎರರ್ ಬಂತು.
— ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಪೈಥಾನ್ ಈ ಜಗಳದಲ್ಲಿ ತಲೆ ಹಾಕದೆ ಒಳ್ಳೇ ಕೆಲಸ ಮಾಡಿದೆ. ಅದಕ್ಕೆ 2 ಮತ್ತು ಆವರಣದ ನಡುವೆ ಗುಣಾಕಾರ ಇದೆ ಅಂತ ಊಹಿಸುವ ಅಭ್ಯಾಸವಿಲ್ಲ. ಹೆಸರಿನ ಪಕ್ಕ ಆವರಣ ಬಂದರೆ ಅದು ಫಂಕ್ಷನ್ ಅಂತ ಅರ್ಥ. ಹಾಗಾಗಿ 2 ಎಂಬ ಫಂಕ್ಷನ್‌ಗೆ 3 ಕೊಡುತ್ತಿದ್ದೀರಿ ಅಂತ ಓದಿಕೊಂಡು, 2 ಅನ್ನು ಹಾಗೆಲ್ಲ ಕರೆಯೋಕಾಗಲ್ಲ ಅಂದುಬಿಟ್ಟಿತು. 3.8ರಿಂದ ಈಚಿನ ಆವೃತ್ತಿಯಾದರೆ "ಕಾಮಾ ಬಿಟ್ಟುಹೋಯಿತಾ?" ಅಂತ ಒಂದು ಅನುಮಾನವನ್ನೂ ಸೇರಿಸುತ್ತದೆ. ಬಿಟ್ಟದ್ದು ನಕ್ಷತ್ರ, ಕಾಮಾ ಅಲ್ಲ, ಆದರೂ ಜಾಗ ಸರಿಯಾಗಿ ತೋರಿಸುತ್ತದೆ.

ಕೆಲವು ಉಪಕರಣಗಳು ಊಹಿಸುತ್ತವೆ. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ಡಾಟ್ ಜೆಎಸ್ ಅಂಥದ್ದು. 2(1+2) ಕೊಟ್ಟರೆ 6 ಅನ್ನುತ್ತದೆ. ಹೀಗೆ ಊಹಿಸುವಾಗ ಮುಂದಿನ ಗೊಂದಲ ಶುರು: ಅಂಟಿಕೊಂಡ ಗುಣಾಕಾರ ಮಾಮೂಲಿ ಭಾಗಾಕಾರಕ್ಕಿಂತ ಬಲಶಾಲಿಯೋ, ಸಮಾನವೋ? ಸಮಾನ ಅಂದರೆ ಉತ್ತರ 9, ಬಲಶಾಲಿ ಅಂದರೆ 1. ಬೀಜಗಣಿತದಲ್ಲಿ 1/2ಎಕ್ಸ್ ಅಂತ ಬರೆದಾಗ ಕೆಲವರು ಅರ್ಧ ಎಕ್ಸ್ ಅಂದುಕೊಳ್ಳುತ್ತಾರೆ, ಕೆಲವರು 2ಎಕ್ಸ್‌ನಿಂದ ಭಾಗಿಸಿ ಅಂದುಕೊಳ್ಳುತ್ತಾರೆ. ಮ್ಯಾಥ್ ಡಾಟ್ ಜೆಎಸ್‌ನವರು ಈ ಒಂದು ನಮೂನೆಗಾಗಿಯೇ ವಿಶೇಷ ನಿಯಮ ಬರೆದಿದ್ದಾರೆ ಅಂದರೆ ತಲೆನೋವು ಎಷ್ಟಿರಬೇಕು ನೋಡಿ. ಕೈಯಲ್ಲಿ ಹಿಡಿಯುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕಂಪನಿಗಳಲ್ಲೂ ಒಮ್ಮತವಿಲ್ಲ. ಗಣಿತ ಚಿಹ್ನೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 80000-2 ಅಂತೂ ÷ ಚಿಹ್ನೆಯನ್ನೇ ಬಳಸಬೇಡಿ ಅನ್ನುತ್ತದೆ. ಹಾಸ್ಟೆಲ್ ಜಗಳ ಮುಗಿಸಿ, ಪ್ರಶ್ನೆ ಬರೆದವನೇ ಸರಿಯಾಗಿ ಬರೆದಿಲ್ಲ.

ಪಾಠಕ್ಕೆ ಬರುವ ಮಕ್ಕಳಿಗೆ ಇಂಗ್ಲಿಷ್ ಕಷ್ಟ. ಪೈಥಾನ್‌ನಲ್ಲಿ ಕನ್ನಡದಲ್ಲೇ ಲೆಕ್ಕ ಬರೆಯಬಹುದಾ?
— ಪ್ರೌಢಶಾಲೆ ಶಿಕ್ಷಕರು, ಶಿರಸಿ

ಬರೆಯಬಹುದು ಸರ್, ಅರ್ಧ ದಾರಿ. ಈ ಪ್ರಶ್ನೆ ಓದಿ ನನಗೆ ಖುಷಿಯಾಯಿತು, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

2008ರ 3.0 ಆವೃತ್ತಿಯಿಂದ ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಬಹುದು. ಹೀಗೆ ಟೈಪ್ ಮಾಡಿ ನೋಡಿ:

ಅಸಲು = 50000
ದರ = 8.5
ವರ್ಷ = 3
ಬಡ್ಡಿ = ಅಸಲು * ದರ * ವರ್ಷ / 100

ಆಮೇಲೆ ಬಡ್ಡಿ ಅಂತಷ್ಟೇ ಟೈಪ್ ಮಾಡಿ ಎಂಟರ್ ಒತ್ತಿ. 12750.0 ಬರುತ್ತದೆ. ಏಳನೇ ಕ್ಲಾಸಿನ ಮಗುವಿಗೂ ಇದು ಓದಲು ಬರುತ್ತದೆ. ಇಫ್, ಫಾರ್ ಮುಂತಾದ ಭಾಷೆಯ ಸ್ವಂತ ಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು, ಅದಕ್ಕೇ ಅರ್ಧ ದಾರಿ ಅಂದದ್ದು.

ಈಗ ಮುಳ್ಳುಗಳು. ಮೊದಲನೆಯದು ಕನ್ನಡ ಟೈಪ್ ಮಾಡುವವರಿಗಷ್ಟೇ ಗೊತ್ತಿರುವ ಕಷ್ಟ. "ಮಾರ್ಕ್‌ಗಳು" ಅಂತ ಬರೆಯುವಾಗ ಕ ಮತ್ತು ಗ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಒಂದು ಕಣ್ಣಿಗೆ ಕಾಣದ ಅಕ್ಷರ ಹಾಕುತ್ತೇವೆ. ಕೆಲವು ಕೀಲಿಮಣೆಗಳು ತಾವೇ ಹಾಕುತ್ತವೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. "ರ‍್ಯಾಂಕ್" ಬರೆಯುವಾಗ ಬರುವುದು ಅದರ ತಮ್ಮ, 200ಡಿ. ಇವೆರಡೂ ಪೈಥಾನ್‌ಗೆ ಆಗಿಬರಲ್ಲ. ಹೆಸರಿನಲ್ಲಿ ಇವು ಸಿಕ್ಕಿದರೆ ಅಚ್ಚಾಗದ ಅಕ್ಷರ ಬಂದಿದೆ ಅಂತ ಎರರ್ ಕೊಡುತ್ತದೆ. ಮಗು ತೆರೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತೆ. ಅದಕ್ಕೆ ಅಸಲು, ದರ, ಅಂಕ, ಮೊತ್ತ, ಎತ್ತರ ಇಂಥ ಹೆಸರುಗಳನ್ನೇ ಆರಿಸಿ. "ಸಾಫ್ಟ್‌ವೇರ್" ಥರದ್ದು ಬೇಡ.

ಎರಡನೆಯದು ಇನ್ನೂ ಕಿಲಾಡಿ. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಂ ನೋಡಲು ಒಂದೇ ಥರ. ಸೊನ್ನೆಯನ್ನೇ ಅನುಸ್ವಾರದ ಜಾಗಕ್ಕೆ ಹಾಕಿ ಟೈಪ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಹೆಸರಿನ ಮಧ್ಯೆ ಕನ್ನಡ ಅಂಕಿ ಬರುವುದಕ್ಕೆ ಪೈಥಾನ್ ಒಪ್ಪುತ್ತದೆ. ಹಾಗಾಗಿ ಅನುಸ್ವಾರ ಹಾಕಿ ಬರೆದ ಅಂಕ ಬೇರೆ, ಸೊನ್ನೆ ಹಾಕಿ ಬರೆದ ಅ೦ಕ ಬೇರೆ. ಒಂದರಲ್ಲಿ ಬೆಲೆ ಇಟ್ಟು ಇನ್ನೊಂದನ್ನು ಕೇಳಿದರೆ "ಆ ಹೆಸರೇ ಗೊತ್ತಿಲ್ಲ" ಅನ್ನುತ್ತದೆ. ಹಾಗೇ ಕಂತು1 ಮತ್ತು ಕಂತು೧ ಕೂಡ ಬೇರೆ ಬೇರೆ.

ಕನ್ನಡ ಅಂಕಿಗಳ ಕಥೆ ಇನ್ನೂ ವಿಚಿತ್ರ. ನೇರವಾಗಿ ೧೨+೩ ಅಂತ ಟೈಪ್ ಮಾಡಿದರೆ ಎರರ್. ಆದರೆ ಇಂಟ್('೧೨೩') ಅಂತ ಕೊಡಿ, ಮರು ಮಾತಿಲ್ಲದೆ 123 ಅನ್ನುತ್ತದೆ. ಕಾರಣ ಇಷ್ಟೇ: ಪ್ರೋಗ್ರಾಂನ ಸಾಲುಗಳನ್ನು ಓದುವ ಭಾಗಕ್ಕೆ 0ಯಿಂದ 9 ಮಾತ್ರ ಗೊತ್ತು. ಪಠ್ಯವನ್ನು ಸಂಖ್ಯೆ ಮಾಡುವ ಇಂಟ್ ಫಂಕ್ಷನ್‌ಗೆ ಯೂನಿಕೋಡ್‌ನಲ್ಲಿರುವ ಎಲ್ಲ ಲಿಪಿಗಳ ಅಂಕಿಗಳೂ ಗೊತ್ತು. ಕನ್ನಡ ಅಂಕಿಯಲ್ಲಿರುವ ಹಳೇ ಪಟ್ಟಿ ಯಾವುದಾದರೂ ಇದ್ದರೆ ಹೀಗೆ ಓದಿಸಬಹುದು. ಫ್ಲೋಟ್('೧೨.೫') ಕೂಡ ನಡೆಯುತ್ತದೆ, 12.5 ಬರುತ್ತದೆ.

ಕೊನೆಗೆ ಲಕ್ಷದ ಕಾಮಾ. ಮಕ್ಕಳು ಖಂಡಿತ 5,00,000 ಅಂತ ಬರೆಯುತ್ತಾರೆ. ಪೈಥಾನ್ ಅದನ್ನು 5, 0, 0 ಎಂಬ ಮೂರು ಸಂಖ್ಯೆಗಳ ಗುಂಪು ಅಂತ ಓದಿಕೊಳ್ಳುತ್ತದೆ, ಎರರ್ ಕೂಡ ಕೊಡಲ್ಲ. ಅದೇ 1,05,000 ಬರೆದರೆ 05 ಹೀಗೆ ಸೊನ್ನೆಯಿಂದ ಶುರುವಾಗುವ ಸಂಖ್ಯೆ ನಡೆಯಲ್ಲ ಅಂತ ಗದರುತ್ತದೆ. ಗದರಿದ್ದೇ ವಾಸಿ, ಸುಮ್ಮನಿದ್ದದ್ದು ಅಪಾಯ. ಇದಕ್ಕೆ 2016ರ 3.6 ಆವೃತ್ತಿಯಲ್ಲೇ ಪರಿಹಾರ ಬಂದಿದೆ: ಕಾಮಾ ಬದಲು ಅಡಿಗೆರೆ. 5_00_000 ಅಂತ ಬರೆಯಿರಿ. ಮೂರು ಮೂರು ಅಂಕಿಗೇ ಹಾಕಬೇಕು ಅಂತಿಲ್ಲ, ನಮ್ಮ ಲಕ್ಷ ಕೋಟಿ ಲೆಕ್ಕಕ್ಕೂ ಹೊಂದುತ್ತದೆ. ಇಷ್ಟು ಸಣ್ಣ ಸೌಲಭ್ಯ, ಆದರೆ ನನ್ನ ಮಟ್ಟಿಗೆ ಅತ್ಯಂತ ಉಪಯೋಗದ್ದು.

ನಮ್ಮ ಸೊಸೈಟಿಯಲ್ಲಿ ಬಡ್ಡಿ ಕಾಲಂ ಕೂಡಿದಾಗ ಸಾಫ್ಟ್‌ವೇರ್‌ನ ಮೊತ್ತಕ್ಕೂ ಕೈಲೆಕ್ಕಕ್ಕೂ ಒಂದೆರಡು ಪೈಸೆ ವ್ಯತ್ಯಾಸ. ಹೊಸ ಪೈಥಾನ್‌ನಲ್ಲಿ ದಶಮಾಂಶದ ದೋಷ ಸರಿಮಾಡಿದ್ದಾರೆ ಅಂತ ಮಗ ಹೇಳಿದ. ನಿಜವೇ?
— ಸಹಕಾರ ಸಂಘದ ಲೆಕ್ಕಿಗರು, ಶಿವಮೊಗ್ಗ

ಮಗ ಹೇಳಿದ್ದು ನಿಜ, ಆದರೆ ಪೂರ್ತಿ ಅಲ್ಲ. 0.1 ಎಂಬ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಸರಿಯಾಗಿ ಬರೆಯಲಾರದು, ನಾವು ಮೂರನೇ ಒಂದನ್ನು 0.3333 ಅಂತ ಎಲ್ಲೋ ನಿಲ್ಲಿಸುತ್ತೇವಲ್ಲ, ಹಾಗೆ ಅದೂ ಎಲ್ಲೋ ನಿಲ್ಲಿಸುತ್ತದೆ. ಹಾಗಾಗಿ 0.1+0.2 ಕೊಟ್ಟರೆ 0.30000000000000004. ಇದು ಇವತ್ತಿನ ಪೈಥಾನ್‌ನಲ್ಲೂ ಹಾಗೇ ಇದೆ.

ಬದಲಾದದ್ದು ಸಮ್ ಎಂಬ ಕೂಡುವ ಫಂಕ್ಷನ್. 0.1 ಅನ್ನು ಹತ್ತು ಸಲ ಪಟ್ಟಿ ಮಾಡಿ ಸಮ್‌ಗೆ ಕೊಟ್ಟರೆ ಹಿಂದೆ 0.9999999999999999 ಬರುತ್ತಿತ್ತು. 2023ರ 3.12 ಆವೃತ್ತಿಯಿಂದ 1.0 ಬರುತ್ತದೆ. ಪ್ರತಿ ಸಲ ಕೂಡುವಾಗ ಉದುರಿಹೋದ ಚೂರನ್ನು ಪಕ್ಕದಲ್ಲಿ ಎತ್ತಿಟ್ಟುಕೊಂಡು ಕೊನೆಗೆ ಸೇರಿಸುವ ಹಳೆಯ ಉಪಾಯ ಅದು, ಈಗ ಒಳಗೇ ಬಂದಿದೆ. ಅದೇ ಆವೃತ್ತಿಯಲ್ಲಿ ಸಮ್‌ಪ್ರಾಡ್ ಅನ್ನೋದೂ ಬಂತು: ಒಂದು ಪಟ್ಟಿಯಲ್ಲಿ ಪ್ರಮಾಣ, ಇನ್ನೊಂದರಲ್ಲಿ ದರ ಕೊಟ್ಟರೆ ಗುಣಿಸಿ ಕೂಡಿ ಒಟ್ಟು ಬಿಲ್ ಹೇಳುತ್ತದೆ.

ಆದರೆ ನಿಮ್ಮ ಪೈಸೆ ವ್ಯತ್ಯಾಸಕ್ಕೆ ಇದು ಕಾರಣವಲ್ಲ ಅಂತ ನನ್ನ ಗುಮಾನಿ. ಹದಿನೇಳನೇ ದಶಮಾಂಶ ಸ್ಥಾನದ ಚೂರು ಪೈಸೆಯಾಗಬೇಕಾದರೆ ಲೆಕ್ಕ ಬಹಳ ದೊಡ್ಡದಿರಬೇಕು. ಅನುಮಾನ ಪಡಬೇಕಾದದ್ದು ದುಂಡುಮಾಡುವ ರೀತಿಯನ್ನು. ಎಕ್ಸೆಲ್‌ನಲ್ಲಿ 2.5 ಅನ್ನು ರೌಂಡ್ ಮಾಡಿದರೆ 3. ಪೈಥಾನ್‌ನಲ್ಲಿ ರೌಂಡ್(2.5) ಕೊಟ್ಟರೆ 2! ರೌಂಡ್(3.5) ಕೊಟ್ಟರೆ 4. ಸರಿಯಾಗಿ ಮಧ್ಯದಲ್ಲಿದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗೋದು ಅದರ ನಿಯಮ, ಯಾವಾಗಲೂ ಮೇಲಕ್ಕೇ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆ ಅಂತ. ಇನ್ನು 2.675 ಅನ್ನು ಎರಡು ಸ್ಥಾನಕ್ಕೆ ದುಂಡು ಮಾಡಿ, ಎಕ್ಸೆಲ್ 2.68 ಅನ್ನುತ್ತದೆ, ಪೈಥಾನ್ 2.67. ಇಲ್ಲಿ ಸಮಸಂಖ್ಯೆ ನಿಯಮವಲ್ಲ, ಒಳಗೆ ಅದು 2.675ಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಇರೋದು ಕಾರಣ. ಇನ್ನೊಂದು, ಪ್ರತಿ ಸದಸ್ಯರ ಬಡ್ಡಿಯನ್ನು ದುಂಡು ಮಾಡಿ ಆಮೇಲೆ ಕೂಡಿದ್ದೀರೋ, ಎಲ್ಲ ಕೂಡಿ ಕೊನೆಗೆ ದುಂಡು ಮಾಡಿದ್ದೀರೋ ಅನ್ನೋದರ ಮೇಲೂ ಪೈಸೆಗಳು ಬದಲಾಗುತ್ತವೆ. ಸಾಫ್ಟ್‌ವೇರ್ ಕೊಟ್ಟವರನ್ನು ಈ ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಹಣದ ಲೆಕ್ಕವನ್ನು ನೀವೇ ಪೈಥಾನ್‌ನಲ್ಲಿ ಮಾಡುವುದಾದರೆ ಡೆಸಿಮಲ್ ಬಳಸಿ, ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ: ಡೆಸಿಮಲ್('0.1'). ಚಿಹ್ನೆ ಬಿಟ್ಟು ಕೊಟ್ಟರೆ ಹಳೇ ಚೂರುಪಾರೆಲ್ಲ ಜೊತೆಗೇ ಬರುತ್ತದೆ. ಇಲ್ಲವೇ ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕದಲ್ಲಿ ಇಟ್ಟುಕೊಳ್ಳಿ.

ಹಾಂ, ಎಕ್ಸೆಲ್ 15 ಅಂಕಿಗಳಾಚೆ ನೆನಪಿಟ್ಟುಕೊಳ್ಳಲ್ಲ. 16 ಅಂಕಿಯ ಖಾತೆ ನಂಬರನ್ನು ಮಾಮೂಲಿ ಸೆಲ್‌ಗೆ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ. ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಕೊಳ್ಳಿ. ಆಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬರಲ್ಲ.

ಪೈಥಾನ್ 3.9 ಹಾಕಿಕೊಂಡಿದ್ದೇನೆ. ಹೊಸದಕ್ಕೆ ಬದಲಾಯಿಸಿದರೆ ಲೆಕ್ಕ ಮಾಡುವವರಿಗೆ ಏನು ಲಾಭ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ

ದೊಡ್ಡ ಲಾಭ ಬೈಗುಳದಲ್ಲಿ! ನೀವು ಬಳಸುತ್ತಿರುವ 3.9ರಲ್ಲೇ (2020) ಪೈಥಾನ್ ತನ್ನ ಹಳೇ ಪಾರ್ಸರ್ (ನಾವು ಬರೆದದ್ದನ್ನು ಓದಿ ಬಿಡಿಸಿಕೊಳ್ಳುವ ಭಾಗ) ಬಿಟ್ಟು ಹೊಸದನ್ನು ಹಾಕಿಕೊಂಡಿತು. ಬಳಸುವವರಿಗೆ ಆಗ ಏನೂ ವ್ಯತ್ಯಾಸ ಕಾಣಲಿಲ್ಲ. ಅದರ ಫಲ ಸಿಕ್ಕಿದ್ದು ಮುಂದಿನ ವರ್ಷದ 3.10ರಲ್ಲಿ. ಆವರಣ ತೆರೆದು ಮುಚ್ಚದೆ ಬಿಟ್ಟರೆ ಹಿಂದೆ ಮುಂದಿನ ಸಾಲನ್ನು ತೋರಿಸಿ ತಪ್ಪು ಅನ್ನುತ್ತಿತ್ತು, ಹುಡುಕಿ ಹುಡುಕಿ ಸಾಕಾಗುತ್ತಿತ್ತು. ಈಗ "ಈ ಆವರಣ ಮುಚ್ಚಿಲ್ಲ" ಅಂತ ಅದೇ ಆವರಣಕ್ಕೆ ಬೊಟ್ಟು ಮಾಡುತ್ತದೆ. ಹೆಸರು ತಪ್ಪಾಗಿ ಬರೆದರೆ "ಇದಾ ನೀವು ಹೇಳಿದ್ದು?" ಅಂತ ಹತ್ತಿರದ ಹೆಸರು ಸೂಚಿಸುತ್ತದೆ. 3.11ರಲ್ಲಿ ಇನ್ನೂ ಒಂದು ಹೆಜ್ಜೆ: ಒಂದೇ ಸಾಲಿನಲ್ಲಿ ಮೂರು ಭಾಗಾಕಾರ ಇದ್ದು ಒಂದರಲ್ಲಿ ಸೊನ್ನೆಯಿಂದ ಭಾಗಿಸಿದ್ದರೆ, ಯಾವುದು ಅಂತ ಆ ತುಂಡಿನ ಕೆಳಗೇ ಗುರುತು ಹಾಕುತ್ತದೆ. ಉದ್ದುದ್ದ ಸೂತ್ರ ಬರೆಯುವ ನಿಮ್ಮಂಥವರಿಗೆ ಇದೊಂದಕ್ಕೇ ಬದಲಾಯಿಸಬಹುದು.

ಫಂಕ್ಷನ್‌ಗಳಲ್ಲಿ ಘನಮೂಲ ನೋಡಿ. 64ರ ಘಾತ 1/3 ಕೊಟ್ಟರೆ 3.9999999999999996. -8 ಅನ್ನು ಆವರಣದಲ್ಲಿಟ್ಟು ಅದರ ಘಾತ 1/3 ಕೊಟ್ಟರೆ ಇನ್ನೂ ಚೆಂದ, ಮಿಶ್ರ ಸಂಖ್ಯೆಯೊಂದು (ಕಾಂಪ್ಲೆಕ್ಸ್ ನಂಬರ್) ಬಂದು ಕೂರುತ್ತದೆ. 3.11ರಲ್ಲಿ ಮ್ಯಾಥ್ ಮಾಡ್ಯೂಲ್‌ಗೆ ಸಿಬಿಆರ್‌ಟಿ ಎಂಬ ಫಂಕ್ಷನ್ ಸೇರಿತು. ಅದಕ್ಕೆ 64 ಕೊಟ್ಟರೆ 4.0, -8 ಕೊಟ್ಟರೆ -2.0. ಲಸಾಅ, ಸಂಯೋಜನೆ ಎಣಿಸುವ ಕಾಂಬ್ ನಿಮ್ಮ 3.9ರಲ್ಲೇ ಇವೆ. ಕಾಂಬ್(52, 5) ಅಂದರೆ 2598960, ಇಸ್ಪೀಟಿನಲ್ಲಿ ಐದು ಎಲೆ ಎತ್ತುವ ಬಗೆಗಳು.

2024ರ 3.13ರಲ್ಲಿ ಟೈಪ್ ಮಾಡುವ ಪರದೆಯೇ ಬದಲಾಯಿತು. ಬಣ್ಣ ಬಂತು, ಹಲವು ಸಾಲಿನ ತುಂಡನ್ನು ಒಟ್ಟಿಗೆ ವಾಪಸ್ ಕರೆದು ತಿದ್ದಬಹುದು, ಹೊರಗೆ ಬರೋಕೆ ಎಕ್ಸಿಟ್ ಅಂತಷ್ಟೇ ಟೈಪ್ ಮಾಡಿದರೆ ಸಾಕು, ಆವರಣ ಬೇಡ. 2025ರ ಅಕ್ಟೋಬರ್‌ನಲ್ಲಿ 3.14 ಬಂದಿದೆ. ಪೈ ಬೆಲೆಯ ಆವೃತ್ತಿ, ಗಣಿತದವರು ಹಾಕಿಕೊಳ್ಳದೆ ಇರೋಕಾಗುತ್ತಾ?

ನಮ್ಮ ಜಾಲತಾಣದಲ್ಲಿ ಗ್ರಾಹಕರು ತಾವೇ ಸೂತ್ರ ಬರೆಯಬಹುದು. ನಾವು ಅದನ್ನು ಇವಾಲ್‌ಗೆ ಕೊಡುತ್ತೇವೆ. ಸೀನಿಯರ್ ಬೇಡ ಅನ್ನುತ್ತಾರೆ, ಯಾಕೆ ಅಂತ ಹೇಳಲ್ಲ.
— ಬೆಂಗಳೂರಿನ ಒಬ್ಬ ಡೆವಲಪರ್

ಸೀನಿಯರ್ ಮಾತು ಕೇಳಿ. ಇವಾಲ್ ಬರೀ ಲೆಕ್ಕ ಓದಲ್ಲ, ಕೊಟ್ಟ ಪೈಥಾನ್ ಮಾತನ್ನು ಹಾಗೇ ನಡೆಸುತ್ತದೆ. ಸೂತ್ರದ ಜಾಗದಲ್ಲಿ ಸರ್ವರ್‌ನ ಫೈಲ್ ಅಳಿಸುವ ಮಾತು ಬರೆದರೆ ಅದನ್ನೂ ನಡೆಸುತ್ತದೆ. ಒಳಗಿನ ಫಂಕ್ಷನ್‌ಗಳನ್ನು ಮುಚ್ಚಿಟ್ಟು ಇವಾಲ್ ಕರೆದರೆ ಸಾಕು ಅಂತ ಅಲ್ಲಲ್ಲಿ ಬರೆದಿರುತ್ತಾರೆ. ಸಾಕಾಗಲ್ಲ. ಒಂದು ಖಾಲಿ ಆವರಣದಿಂದ ಶುರುಮಾಡಿ ಅದರ ಕ್ಲಾಸ್, ಆ ಕ್ಲಾಸಿನ ತಾಯಿ ಕ್ಲಾಸ್ ಅಂತ ಹತ್ತಿಕೊಂಡು ಹೋಗಿ ಎಲ್ಲವನ್ನೂ ತಲುಪುವ ದಾರಿಗಳಿವೆ.

ಲಿಟರಲ್ ಇವಾಲ್ ಅಂತ ಇನ್ನೊಂದಿದೆ, ಅದು ಸುರಕ್ಷಿತ ಅನ್ನುತ್ತಾರೆ. ಆದರೆ ಅದು ಸಂಖ್ಯೆ, ಪಟ್ಟಿ ಇಂಥವನ್ನು ಓದೋಕೆ ಮಾತ್ರ, 2+3 ಕೊಟ್ಟರೆ ತಿರಸ್ಕರಿಸುತ್ತದೆ. ನಿಮಗೆ ಬೇಕಾದದ್ದು ಇವೆರಡರ ನಡುವಿನದು. ಎಎಸ್‌ಟಿ ಮಾಡ್ಯೂಲ್ ಬಳಸಿ ಸೂತ್ರವನ್ನು ಮರದ ರೂಪಕ್ಕೆ ಬಿಡಿಸಿ, ಮರದ ಒಂದೊಂದು ಗಂಟನ್ನೂ ನೋಡುತ್ತಾ ಹೋಗಿ: ಸಂಖ್ಯೆ ಸರಿ, ಕೂಡು ಕಳೆ ಗುಣಿಸು ಭಾಗಿಸು ಸರಿ, ನೀವು ಹೆಸರಿಸಿದ ನಾಲ್ಕಾರು ಫಂಕ್ಷನ್ ಸರಿ, ಬೇರೆ ಏನೇ ಕಂಡರೂ ಬಾಗಿಲು ಹಾಕಿ. ಬೇಡದ್ದನ್ನು ತಡೆಯುವ ಪಟ್ಟಿ ಮಾಡಬೇಡಿ, ಬೇಕಾದ್ದನ್ನು ಬಿಡುವ ಪಟ್ಟಿ ಮಾಡಿ.

ಘಾತಕ್ಕೆ ಮಿತಿ ಹಾಕೋದು ಮರೆಯಬೇಡಿ. 9**9**9 ನೋಡಲು ಏಳೇ ಅಕ್ಷರ. ಅದರ ಉತ್ತರದಲ್ಲಿ 36 ಕೋಟಿ 96 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. ಸರ್ವರ್ ಮಲಗಿಬಿಡುತ್ತದೆ. 2022ರಲ್ಲಿ ಪೈಥಾನ್ 4300 ಅಂಕಿ ದಾಟಿದ ಪೂರ್ಣಾಂಕವನ್ನು ಪಠ್ಯಕ್ಕೆ ಬದಲಾಯಿಸಲು ತಡೆ ಹಾಕಿದ್ದು ಇಂಥ ಕಿಡಿಗೇಡಿತನಕ್ಕೇ, ಆದರೆ ಲೆಕ್ಕ ಮಾಡುವುದನ್ನು ಅದು ತಡೆಯಲ್ಲ. ಸೂತ್ರ ಬ್ರೌಸರ್‌ನಲ್ಲೇ ಓಡಿದರೆ ಸಾಕು ಅನ್ನೋದಾದರೆ ಮ್ಯಾಥ್ ಡಾಟ್ ಜೆಎಸ್ ಹಾಕಿಕೊಳ್ಳಿ, ಅದರ ಪಾರ್ಸರ್ ಸ್ವಂತದ್ದು. ಇಂಪೋರ್ಟ್‌ನಂಥ ಕೆಲವು ಫಂಕ್ಷನ್‌ಗಳನ್ನು ಮುಚ್ಚಿ ಅಂತ ಅದರ ಕೈಪಿಡಿಯೇ ಹೇಳುತ್ತದೆ, ಅಷ್ಟು ಮಾಡಿ. ಅಳತೆಗಳೂ ಅದಕ್ಕೆ ಗೊತ್ತು, 5 ಇಂಚನ್ನು ಸೆಂಟಿಮೀಟರ್ ಮಾಡು ಅಂದರೆ 12.7 ಅನ್ನುತ್ತದೆ.

ಎಕ್ಸೆಲ್‌ಗೆ ಲೆಟ್, ಲ್ಯಾಂಬ್ಡಾ ಅಂತ ಬಂದಿದೆಯಂತೆ. ನಿವೃತ್ತ ಬ್ಯಾಂಕ್ ನೌಕರ ನಾನು, ಕಲಿಯಲೇಬೇಕಾ?
— ಮೈಸೂರಿನ ಓದುಗರು

ಲೆಟ್ ಕಲಿಯಿರಿ, ಲ್ಯಾಂಬ್ಡಾ ನಿಧಾನಕ್ಕೆ ಸಾಕು. ಲೆಟ್ ಅಂದರೆ ಸೂತ್ರದೊಳಗೇ ಒಂದು ತುಂಡಿಗೆ ಹೆಸರಿಟ್ಟು, ಅದನ್ನು ಮತ್ತೆ ಮತ್ತೆ ಬರೆಯದೆ ಹೆಸರಿನಿಂದಲೇ ಕರೆಯೋದು. ನಾಲ್ಕು ಸಾಲು ಉದ್ದದ ಇಫ್ ಸೂತ್ರಗಳು ಓದುವಂತಾಗುತ್ತವೆ. ಲ್ಯಾಂಬ್ಡಾದಲ್ಲಿ ನಿಮ್ಮದೇ ಫಂಕ್ಷನ್ ಮಾಡಿಕೊಳ್ಳಬಹುದು. ನಿಮಗೆ ಕೈಬಂದಿರುವ ಇಎಂಐ ತಗೊಳ್ಳಿ. ನೇಮ್ ಮ್ಯಾನೇಜರ್‌ಗೆ ಹೋಗಿ ಇಎಂಐ ಎಂಬ ಹೆಸರಿಗೆ =ಲ್ಯಾಂಬ್ಡಾ(ಸಾಲ, ದರ, ತಿಂಗಳು, ಪಿಎಂಟಿ(ದರ/1200, ತಿಂಗಳು, -ಸಾಲ)) ಅಂತ ಕೊಡಿ (ಪಿಎಂಟಿ ಅಂದರೆ ಕಂತು ಲೆಕ್ಕ ಹಾಕುವ ಎಕ್ಸೆಲ್ ಫಂಕ್ಷನ್; ಸಾಲ, ದರ ಮುಂತಾದ ಹೆಸರನ್ನೂ ಇಲ್ಲಿ ಇಂಗ್ಲಿಷಿನಲ್ಲೇ ಇಡಿ). ಆಮೇಲೆ ಯಾವ ಸೆಲ್‌ನಲ್ಲಾದರೂ =ಇಎಂಐ(500000, 9, 60) ಬರೆದರೆ 10379.18. ಮ್ಯಾಕ್ರೋ ಬೇಡ, ಫೈಲ್ ತೆರೆದಾಗ ಬರುವ ಹಳದಿ ಎಚ್ಚರಿಕೆ ಪಟ್ಟಿಯೂ ಇಲ್ಲ.

ಹಳೇ ಎಕ್ಸೆಲ್‌ನಲ್ಲಿ ಇವಿಲ್ಲ. 2021ರ ಆವೃತ್ತಿಯಲ್ಲಿ ಲೆಟ್ ಮಾತ್ರ ಇದೆ, 2024ರದ್ದರಲ್ಲಿ ಮತ್ತು ಚಂದಾ ಕಟ್ಟುವ 365ರಲ್ಲಿ ಎರಡೂ ಇವೆ. ದುಡ್ಡು ಯಾಕೆ ಅನ್ನೋದಾದರೆ ಗೂಗಲ್ ಶೀಟ್ಸ್‌ನಲ್ಲಿ ಎರಡೂ ಸಿಗುತ್ತವೆ. ಲಿಬ್ರೆ ಆಫೀಸ್‌ಗೂ 24.8 ಆವೃತ್ತಿಯಲ್ಲಿ ಲೆಟ್ ಬಂದಿದೆ.

ಫೋನ್ ಕ್ಯಾಲ್ಕುಲೇಟರ್‌ನಲ್ಲಿ 200+10% ಒತ್ತಿದರೆ 220. ಎಕ್ಸೆಲ್‌ನಲ್ಲಿ 200.1. ನನ್ನ ಮಗಳು ಪೈಥಾನ್‌ನಲ್ಲಿ ಹಾಕಿದರೆ ಎರರ್. ಅಂಗಡಿ ಬಿಲ್ಲಿಗೆ ಯಾವುದನ್ನು ನಂಬಲಿ?
— ಹಾರ್ಡ್‌ವೇರ್ ಅಂಗಡಿ ಮಾಲೀಕರು, ಚಿಕ್ಕಬಳ್ಳಾಪುರ

ಮೂರೂ ತಮ್ಮ ಪಾಡಿಗೆ ಸರಿಯಾಗಿವೆ. ಬಹಳಷ್ಟು ಫೋನ್ ಕ್ಯಾಲ್ಕುಲೇಟರ್‌ಗಳು ಅಂಗಡಿ ಲೆಕ್ಕ ಅಂತಲೇ ಅಂದುಕೊಂಡು, 200ರ ಮೇಲೆ ಅದರದ್ದೇ ಶೇಕಡಾ 10 ಸೇರಿಸುತ್ತವೆ. ಎಕ್ಸೆಲ್‌ಗೆ 10% ಅಂದರೆ 0.1, ಹಿಂದೆ ಏನಿತ್ತು ಅಂತ ಅದು ತಿರುಗಿ ನೋಡಲ್ಲ. ಪೈಥಾನ್‌ನಲ್ಲಿ ಆ ಚಿಹ್ನೆಗೆ ಶೇಕಡಾ ಅರ್ಥವೇ ಇಲ್ಲ, ಭಾಗಿಸಿ ಉಳಿದ ಶೇಷ ಅಂತ ಅರ್ಥ. 17 % 5 ಕೊಟ್ಟರೆ 2. 10% ಅಂತ ಬಿಟ್ಟರೆ ಯಾವುದರಿಂದ ಭಾಗಿಸಲಿ ಅಂತ ಗೊತ್ತಾಗದೆ ಎರರ್.

ನೀವು ಬಿಲ್ಲಿಗೆ ಶೇಕಡಾ ಗುಂಡಿಯನ್ನೇ ಮುಟ್ಟಬೇಡಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿಸೋಕೆ 1.18ರಿಂದ ಗುಣಿಸಿ, ತೆಗೆಯೋಕೆ 1.18ರಿಂದ ಭಾಗಿಸಿ. ತೆಗೆಯುವಾಗಲೇ ಜಾಸ್ತಿ ಜನ ಎಡವೋದು. ತೆರಿಗೆ ಸೇರಿ 1180 ಇದ್ದ ಬಿಲ್ಲಿಗೆ 1180-18% ಒತ್ತಿದರೆ ಫೋನ್ 967.60 ತೋರಿಸುತ್ತದೆ. ಮಾಲಿನ ನಿಜವಾದ ಬೆಲೆ 1000. ಮಗಳ ಪೈಥಾನ್‌ನಲ್ಲಿ 1180/1.18 ಹಾಕಿಸಿ ನೋಡಿ.